ಫಿಜಿಯೋಥೆರಪಿ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ದಾರಿ

ಪಕ್ಷವಾತದಿಂದ ಕೈಕಾಲು ಸೋತ ಹಿರಿಯರನ್ನು ಮತ್ತೆ ನಡೆದಾಡುವಂತೆ ಮಾಡುವುದು, ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ತಾಯಂದಿರಿಗೆ ನೆರವಾಗುವುದು ಫಿಜಿಯೋಥೆರಪಿ ವಿದ್ಯೆಯ ಗುರಿ. ಈ ವಿದ್ಯೆಯನ್ನು ಕಲಿಯುತ್ತಿರುವ ಮಕ್ಕಳನ್ನು ಇಂದು ನಾವು ಹಲವು ಮನೆಗಳಲ್ಲಿ ಕಾಣುತ್ತೇವೆ. ಪದವಿಯ ಕೊನೆಯ ಹಂತದಲ್ಲಿ ಇವರು ಕಿರುಸಂಶೋಧನೆಯನ್ನೂ ಸ್ನಾತಕೋತ್ತರದಲ್ಲಿ ಪ್ರೌಢ ಪ್ರಬಂಧವನ್ನೂ ಸಿದ್ಧಪಡಿಸಬೇಕಾಗುತ್ತದೆ. ಹಿಂದಿನವರು ಏನು ಶೋಧಿಸಿದ್ದಾರೆ, ಅದನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಆಗ ಎದುರಾಗುತ್ತದೆ. ಅನೇಕರು ಅಂತರಜಾಲದಲ್ಲಿ ಮೊದಲು ಕಂಡದ್ದನ್ನೇ ಆರಿಸಿಕೊಂಡು ತೃಪ್ತರಾಗುತ್ತಾರೆ. ಇದು ಕೇವಲ ಅಂಕಗಳ ಮಾತಲ್ಲ, ನಾಳೆ ಅವರ ಕೈಗೆ ಬರುವ ರೋಗಿಯ ಕ್ಷೇಮದ ಮಾತು ಎಂಬುದನ್ನು ನಾವು ಮನಗಾಣಬೇಕು.

ಒಂದು ನಿದರ್ಶನವನ್ನು ನೋಡೋಣ. ಸೊಂಟ ಹಿಡಿದವರು ಹಾಸಿಗೆಯಿಂದ ಏಳಬಾರದೆಂದು ಬಹುಕಾಲ ಹೇಳಲಾಗುತ್ತಿತ್ತು. 1986ರಲ್ಲಿ ಅಮೆರಿಕದಲ್ಲಿ ಎರಡು ದಿನಗಳ ವಿಶ್ರಾಂತಿಯನ್ನು ಏಳು ದಿನಗಳ ವಿಶ್ರಾಂತಿಯೊಡನೆ ಹೋಲಿಸಿದಾಗ ಹೆಚ್ಚು ದಿನ ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಹೆಲ್ಸಿಂಕಿ ನಗರದ ಅಧ್ಯಯನದಲ್ಲಿ, ಸಹಿಸುವಷ್ಟರ ಮಟ್ಟಿಗೆ ನಿತ್ಯದ ಓಡಾಟ ಮುಂದುವರಿಸಿದವರೇ ಮಲಗಿದವರಿಗಿಂತ ಬೇಗ ಚೇತರಿಸಿಕೊಂಡರು. ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು, ಆ ಮಾತು ಬೇರೆ. ಆದರೆ ಈ ಅಧ್ಯಯನಗಳನ್ನು ಓದದ ಚಿಕಿತ್ಸಕನು ಹಳೆಯ ವಾಡಿಕೆಯಂತೆ ರೋಗಿಯನ್ನು ವಾರಗಟ್ಟಲೆ ಮಲಗಿಸಿಬಿಡಬಹುದು. ಗ್ರಂಥಾಲಯಕ್ಕೂ ರೋಗಿಯ ಹಾಸಿಗೆಗೂ ಇರುವ ಸಂಬಂಧ ಇಂಥದು.

ಮೊದಲು ಪ್ರಶ್ನೆ, ಆಮೇಲೆ ಹುಡುಕಾಟ

‘ಮೊಣಕಾಲು ನೋವು’ ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ರೋಗಿ ಯಾರು, ಕೊಡುವ ಚಿಕಿತ್ಸೆ ಯಾವುದು, ಅದನ್ನು ಯಾವುದರೊಡನೆ ಹೋಲಿಸುತ್ತೇವೆ, ಯಾವ ಫಲವನ್ನು ಅಳೆಯುತ್ತೇವೆ ಎಂಬ ನಾಲ್ಕು ಅಂಗಗಳನ್ನು ಕೂಡಿಸಿದಾಗ ಪ್ರಶ್ನೆ ರೂಪುಗೊಳ್ಳುತ್ತದೆ. ಅರವತ್ತು ದಾಟಿದ, ಮೊಣಕಾಲು ಸವೆದ ರೋಗಿಗಳಿಗೆ ಬರಿಯ ಶಾಖ ಕೊಡುವುದಕ್ಕಿಂತ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದಿಂದ ನಡಿಗೆ ಹೆಚ್ಚು ಸುಧಾರಿಸುವುದೇ? ಇಷ್ಟು ಸ್ಪಷ್ಟವಾದರೆ ಅರ್ಧ ಕೆಲಸ ಮುಗಿದಂತೆಯೇ.

ಮುಂದಿನದು ಪದಗಳ ಆಯ್ಕೆ. ನಾವು ‘ಫಿಜಿಯೋಥೆರಪಿ’ ಎನ್ನುವುದನ್ನು ಅಮೆರಿಕದವರು ‘ಫಿಜಿಕಲ್ ಥೆರಪಿ’ ಎನ್ನುತ್ತಾರೆ. ಭುಜ ಬಿಗಿಯುವ ರೋಗವನ್ನು ಒಬ್ಬರು ‘ಫ್ರೋಜನ್ ಶೋಲ್ಡರ್’ ಎಂದರೆ ಮತ್ತೊಬ್ಬರು ‘ಅಡ್ಹೆಸಿವ್ ಕ್ಯಾಪ್ಸುಲೈಟಿಸ್’ ಎಂದು ಬರೆದಿರುತ್ತಾರೆ. ಒಂದೇ ಹೆಸರಿನಿಂದ ಹುಡುಕಿದವರಿಗೆ ಅನೇಕ ಲೇಖನಗಳು ಕಾಣದೇ ಉಳಿಯುತ್ತವೆ. ಒಂದೇ ಅರ್ಥದ ಪದಗಳ ನಡುವೆ ‘ಆರ್’ ಎಂದೂ, ಬೇರೆ ಬೇರೆ ಅಂಗಗಳ ನಡುವೆ ‘ಆಂಡ್’ ಎಂದೂ ಇಂಗ್ಲಿಷಿನಲ್ಲಿ ಸೇರಿಸಬೇಕು. ಮೊದಲನೆಯದು ಬಲೆಯನ್ನು ಅಗಲಿಸುತ್ತದೆ, ಎರಡನೆಯದು ಕಿರಿದಾಗಿಸುತ್ತದೆ.

ಎಲ್ಲಿ ಹುಡುಕಬೇಕು?

ಫಿಜಿಯೋಥೆರಪಿಗೆಂದೇ ಮೀಸಲಾದ ಉಚಿತ ಭಂಡಾರ ‘ಪೆಡ್ರೊ’. 1999ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಆರಂಭವಾದ ಇದರಲ್ಲಿ ಚಿಕಿತ್ಸಾ ಪ್ರಯೋಗಗಳು, ಕ್ರಮಬದ್ಧ ವಿಮರ್ಶೆಗಳು ಮತ್ತು ಚಿಕಿತ್ಸಾ ಮಾರ್ಗಸೂಚಿಗಳು ಸೇರಿ 60 ಸಾವಿರಕ್ಕೂ ಹೆಚ್ಚು ದಾಖಲೆಗಳಿವೆ. ಪ್ರಯೋಗಗಳಿಗೆ ಅವುಗಳ ಗುಣಮಟ್ಟವನ್ನು ಅಳೆದು ಹತ್ತಕ್ಕೆ ಇಂತಿಷ್ಟು ಎಂದು ಅಂಕ ನೀಡಿರುವುದು ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರ. ಎರಡನೆಯದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಪಬ್‌ಮೆಡ್’. 1997ರಿಂದ ಎಲ್ಲರಿಗೂ ಉಚಿತವಾಗಿರುವ ಇದರಲ್ಲಿ 3.5 ಕೋಟಿಗೂ ಮಿಕ್ಕಿ ಲೇಖನಗಳ ವಿವರಗಳಿವೆ. ಅದೇ ಗ್ರಂಥಾಲಯವು 1960ರಿಂದ ಬೆಳೆಸಿಕೊಂಡು ಬಂದ ‘ಮೆಶ್’ ಎಂಬ ವಿಷಯ ಶೀರ್ಷಿಕೆಗಳ ಪಟ್ಟಿಯನ್ನು ಬಳಸಿದರೆ, ಲೇಖಕರು ಯಾವ ಹೆಸರಿಟ್ಟಿದ್ದರೂ ಒಂದೇ ವಿಷಯದ ಲೇಖನಗಳು ಒಟ್ಟಿಗೆ ದೊರೆಯುತ್ತವೆ. ಒಂದು ಪ್ರಶ್ನೆಯ ಮೇಲಿನ ಎಲ್ಲ ಪ್ರಯೋಗಗಳನ್ನು ತೂಗಿ ನೋಡಿದ ವಿಮರ್ಶೆಗಳಿಗೆ ‘ಕಾಕ್ರನ್ ಲೈಬ್ರರಿ’ ಇದೆ.

ಪೂರ್ಣ ಲೇಖನವನ್ನು ತೆರೆಯಹೋದಾಗ ಹಣ ಕೇಳುವುದುಂಟು. ಅಲ್ಲಿಗೇ ಕೈಬಿಡಬಾರದು, ಅವಸರದಿಂದ ಹಣ ತೆರಲೂಬಾರದು. 1996ರಲ್ಲಿ ಸ್ಥಾಪನೆಯಾದ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗಾಗಿ ‘ಹೆಲಿನೆಟ್’ ಎಂಬ ಗ್ರಂಥಾಲಯ ಜಾಲವನ್ನು ರೂಪಿಸಿದೆ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13 ಸಾವಿರ ನಿಯತಕಾಲಿಕಗಳನ್ನು ತೆರೆದಿಟ್ಟಿದೆ. ಭಾರತದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಉಚಿತವಾಗಿ ಸಿಗುತ್ತವೆ. ಇವೆಲ್ಲವೂ ವಿಫಲವಾದರೆ ಲೇಖಕರಿಗೇ ವಿನಯದಿಂದ ಒಂದು ಪತ್ರ ಬರೆದರೂ ಆದೀತು, ಅನೇಕರು ಪ್ರತಿಯನ್ನು ಸಂತೋಷದಿಂದ ಕಳುಹಿಸಿಕೊಡುತ್ತಾರೆ.

ಎಚ್ಚರಿಕೆಯ ಮಾತು

ಮುದ್ರಿತವಾದದ್ದೆಲ್ಲ ಸತ್ಯವಲ್ಲ. ಹಣ ಪಡೆದು ಪರಿಶೀಲನೆಯಿಲ್ಲದೆ ಏನನ್ನಾದರೂ ಪ್ರಕಟಿಸುವ ಪತ್ರಿಕೆಗಳಿವೆ. ಈಚೆಗೆ ಕೇಳಿದ ಕೂಡಲೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಇವು ಕೆಲವೊಮ್ಮೆ ಇಲ್ಲದ ಲೇಖನಕ್ಕೆ ಇಲ್ಲದ ಲೇಖಕರ ಹೆಸರಿಟ್ಟು ಕೊಡುತ್ತವೆ. ಆದ್ದರಿಂದ ಉಲ್ಲೇಖಿಸುವ ಪ್ರತಿಯೊಂದು ಲೇಖನವನ್ನೂ ಮೂಲದಲ್ಲಿ ಕಂಡು, ಓದಿ, ಅನಂತರವೇ ಬಳಸಬೇಕು. ಯಾವ ದಿನ, ಎಲ್ಲಿ, ಯಾವ ಪದಗಳಿಂದ ಹುಡುಕಿದೆವು, ಎಷ್ಟು ದೊರೆತವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ ಅಭ್ಯಾಸ. ತಮ್ಮ ಅಭಿಪ್ರಾಯಕ್ಕೆ ಒಪ್ಪುವ ಲೇಖನಗಳನ್ನಷ್ಟೇ ಆಯ್ದು ಒಪ್ಪದವನ್ನು ಮರೆಮಾಚುವುದು ವಿದ್ಯೆಗೂ ರೋಗಿಗೂ ಬಗೆಯುವ ದ್ರೋಹ.

ಇಷ್ಟೆಲ್ಲ ಸೌಲಭ್ಯಗಳಿದ್ದರೂ ಗ್ರಂಥಪಾಲಕರನ್ನು ಕೇಳಲು ನಮ್ಮ ಮಕ್ಕಳು ಸಂಕೋಚಪಡುತ್ತಾರೆ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ಓದುಗನ ಸಮಯವನ್ನು ಉಳಿಸುವುದನ್ನೂ ಗ್ರಂಥಾಲಯದ ಧರ್ಮವೆಂದು ಸಾರಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಆ ಮಹನೀಯರು 1962ರಲ್ಲಿ ಅಲ್ಲಿಯೇ ಗ್ರಂಥಪಾಲಕರ ಉನ್ನತ ತರಬೇತಿಗೆ ಕೇಂದ್ರವೊಂದನ್ನು ಕಟ್ಟಿದರು. ಕೇಳಿ ಬಂದವರಿಗೆ ದಾರಿ ತೋರುವುದು ಗ್ರಂಥಪಾಲಕರ ವೃತ್ತಿಯೇ ಆಗಿರುವಾಗ ಸಂಕೋಚಕ್ಕೆ ಎಡೆಯೆಲ್ಲಿ?

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ಪ್ರಬಂಧವನ್ನು ಅಂಗಡಿಯಲ್ಲಿ ಹಣ ಕೊಟ್ಟು ಬರೆಯಿಸುವ ಆಲೋಚನೆ ಬೇಡ. ಎಷ್ಟು ಅಂಕ ಬಂತು ಎಂದು ಕೇಳುವುದರ ಜೊತೆಗೆ, ಈ ವಾರ ಏನನ್ನು ಹುಡುಕಿದೆ, ಏನು ದೊರೆಯಿತು ಎಂದೂ ಕೇಳಿರಿ. ಹುಡುಕಿ, ಓದಿ, ತೂಗಿ ನೋಡುವ ಅಭ್ಯಾಸವನ್ನು ಇಂದು ರೂಢಿಸಿಕೊಂಡ ಕೈಗಳಿಗೆ ನಾಳೆ ನಮ್ಮ ಮನೆಯ ಹಿರಿಯರನ್ನು ನಾವು ನಿಶ್ಚಿಂತೆಯಿಂದ ಒಪ್ಪಿಸಬಹುದು.