ಹೋಟೆಲ್ ಇಂಟರ್ನೆಟ್: ಬಾಡಿಗೆ ಸೈಕಲ್ಲೋ, ಎಸ್‌ಟಿಡಿ ಬೂತೋ?



ರೇಡಿಯೋದವರ ಕಣ್ಣು ಸದಾ ಗಡಿಯಾರದ ಮೇಲೆ. ಹಾಡು 4 ನಿಮಿಷ 20 ಸೆಕೆಂಡು, ಜಾಹೀರಾತು 30 ಸೆಕೆಂಡು, ನಮ್ಮ ಕನ್ನಡದ ಪಾಲು ಅರ್ಧ ಗಂಟೆ. ಇಂಥ ಕೆಲಸದಲ್ಲಿರುವ ನಾನೇ ಒಂದು ರಾತ್ರಿ ಗಡಿಯಾರದ ಎದುರು ಸೋತೆ. ನಿಮಗೆ ಹಾಗಾಗಬಾರದು ಎಂದು ಈ ಬರಹ.

ಸೊಲ್ಲಾಪುರದಲ್ಲಿ ಒಬ್ಬ ಹಿರಿಯರ ಸಂದರ್ಶನ ಮಾಡಲು ಹೋಗಿದ್ದೆ. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ಜೀವ ತೇಯ್ದವರು. 28 ನಿಮಿಷದ ಧ್ವನಿಮುದ್ರಣ ಆಯಿತು. ಮರುದಿನ ಬೆಳಗ್ಗೆ ಆರೂವರೆಗೇ ಪ್ರಸಾರ ಎಂದು ನಾನೇ ಮಾತು ಕೊಟ್ಟೆ. ಸ್ಟುಡಿಯೋದ ತಂತ್ರಜ್ಞರು ರಾತ್ರಿ ಹತ್ತೂವರೆಗೆ ಮನೆಗೆ ಹೋಗುತ್ತಾರೆ, ಅಷ್ಟರೊಳಗೆ ಫೈಲ್ ತಲುಪಿದರೆ ಸಾಕು.

ಉಳಿದುಕೊಂಡಿದ್ದ ಹೋಟೆಲಿನಲ್ಲಿ ಒಂದು ಗಂಟೆಯ ಇಂಟರ್ನೆಟ್ ಕೂಪನ್ ಕೊಟ್ಟರು. 8.50ಕ್ಕೆ ಲಾಗಿನ್ ಆದೆ, ಎರಡು ಮೇಲ್ ನೋಡಿದೆ, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಇಳಿದೆ. ಬಂದು 9.20ಕ್ಕೆ ಫೈಲ್ ಕಳಿಸಲು ಹಚ್ಚಿದೆ. ಇನ್ನೂ 50 ನಿಮಿಷವಾದರೂ ಇದೆ ಎಂಬುದು ನನ್ನ ಲೆಕ್ಕ. ಸರಿಯಾಗಿ 9.50ಕ್ಕೆ, ಶೇಕಡಾ 38ರ ಹತ್ತಿರ, ಎಲ್ಲ ನಿಂತಿತು. ಪರದೆಯ ಮೇಲೆ ಮತ್ತೆ ಅದೇ ಲಾಗಿನ್ ಪುಟ. ಕೆಳಗೆ ಓಡಿದರೆ ಕೌಂಟರಿನ ಹುಡುಗ, "ಕೂಪನ್ ಮ್ಯಾನೇಜರ್ ಹತ್ರ ಇರ್ತಾವ್ರೀ, ಅವರು ಮುಂಜಾನೆ ಬರ್ತಾರ" ಎಂದ. ಮೊಬೈಲಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಮಾತು ಹೋಗುತ್ತಿತ್ತು, ಡೇಟಾ ತೆವಳುತ್ತಿತ್ತು.

ಬೆಳಗ್ಗೆ ಆರೂವರೆಗೆ ಸಂದರ್ಶನದ ಬದಲು ಹಳೆಯ ಹಾಡುಗಳು ಹೋದವು.

ಗಡಿಯಾರ ಯಾಕೆ ನಿಲ್ಲಲಿಲ್ಲ?

ನಮ್ಮಲ್ಲಿ ಅನೇಕರು ಊರಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಹೊಡೆದವರು. ಸೈಕಲ್ ತುಳಿದರೂ ಬಾಡಿಗೆ, ಬೇವಿನ ಮರಕ್ಕೆ ಒರಗಿಸಿ ಗೋಲಿ ಆಡಿದರೂ ಬಾಡಿಗೆ. ಎಸ್‌ಟಿಡಿ ಬೂತ್ ಹಾಗಲ್ಲ. ರಿಸೀವರ್ ಇಟ್ಟರೆ ಮೀಟರ್ ನಿಂತಿತು, ಮಾತಾಡಿದಷ್ಟಕ್ಕೆ ದುಡ್ಡು. ಹೋಟೆಲಿನ ಕೂಪನ್‌ಗಳಲ್ಲೂ ಇವೇ ಎರಡು ಜಾತಿ. ಮೊದಲ ಲಾಗಿನ್‌ನಿಂದ ಬಿಡದೆ ಓಡುವುದು ಒಂದು, ಬಳಸಿದ ನಿಮಿಷ ಮಾತ್ರ ಕಳೆಯುವುದು ಇನ್ನೊಂದು. ನಾನು ಎಸ್‌ಟಿಡಿ ಬೂತ್ ಎಂದುಕೊಂಡಿದ್ದೆ, ಕೈಗೆ ಸಿಕ್ಕಿದ್ದು ಬಾಡಿಗೆ ಸೈಕಲ್.

ಈ ಗಂಟೆಯ ಲೆಕ್ಕಕ್ಕೆ ಒಂದು ಹಿನ್ನೆಲೆ ಇದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದು ಬರುತ್ತಿದ್ದುದು ಫೋನ್ ಲೈನಿನಲ್ಲಿ, ಮಾರಾಟ ಗಂಟೆಯ ಲೆಕ್ಕದಲ್ಲಿ. ಹೀಗೆ ಫೋನ್ ಮೂಲಕ ಬರುವ ಗ್ರಾಹಕರ ಗುರುತು ನೋಡಿ, ಸಮಯ ಬರೆದಿಡಲು 1990ರ ದಶಕದ ಆರಂಭದಲ್ಲಿ 'ರೇಡಿಯಸ್' ಎಂಬ ಪದ್ಧತಿ ಹುಟ್ಟಿತು. ಫೋನ್ ಕಟ್ ಆದ ಕೂಡಲೇ ಅದಕ್ಕೆ ತಿಳಿಯುತ್ತಿತ್ತು, ಲೆಕ್ಕ ಮುಗಿಯುತ್ತಿತ್ತು. ಇಂದಿಗೂ ಅನೇಕ ಹೋಟೆಲುಗಳ ವೈ-ಫೈ ಲೆಕ್ಕ ಇದೇ ಪದ್ಧತಿಯಲ್ಲಿ ನಡೆಯುತ್ತದೆ.

ತೊಂದರೆ ಇಲ್ಲಿಯೇ. ವೈ-ಫೈಗೆ ಕೆಳಗಿಡಲು ರಿಸೀವರ್ ಇಲ್ಲ! ನೀವು ಬ್ರೌಸರ್ ಮುಚ್ಚಿದ್ದು ಹೋಟೆಲಿನ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಏನೂ ಓಡಾಟವಿಲ್ಲದಿದ್ದರೆ 'ಇವರು ಹೋದರು' ಎಂದು ಅದು ಊಹಿಸಬಹುದು, ಅಷ್ಟೆ. ಆದರೆ ಜೇಬಿನಲ್ಲಿರುವ ಫೋನ್ ಸುಮ್ಮನಿರುತ್ತದೆಯೇ? ವಾಟ್ಸಾಪ್, ಮೇಲ್, ಫೋಟೋ ಬ್ಯಾಕಪ್ ಎಂದು ನಮಗೆ ತಿಳಿಯದೆ ಮಾತಾಡುತ್ತಲೇ ಇರುತ್ತದೆ. ಹಾಗಾಗಿ ಬಳಸಿದಷ್ಟೇ ಕಳೆಯುವ ಕೂಪನ್ ಇದ್ದರೂ ಲಾಗಿನ್ ಪುಟಕ್ಕೆ ಹೋಗಿ 'ಲಾಗ್‌ಔಟ್' ಒತ್ತಬೇಕು. ಅದೇ ನಮ್ಮ ರಿಸೀವರ್.

ಆ ಲಾಗಿನ್ ಪುಟದ ಕತೆ

ವೈ-ಫೈ ಹಿಡಿದೊಡನೆ ಬರುವ ಪುಟಕ್ಕೆ 'ಕ್ಯಾಪ್ಟಿವ್ ಪೋರ್ಟಲ್' ಎನ್ನುತ್ತಾರೆ. ಹಳ್ಳಿಯ ತೊಟ್ಟಿಮನೆಯ ಹೆಬ್ಬಾಗಿಲಿನ ಹಾಗೆ: ಯಾರು ಎಂದು ಹೇಳಿದ ಮೇಲೆ ಒಳಗೆ. ಹೆಸರು, ಕೋಣೆಯ ನಂಬರು, ಇಲ್ಲವೇ ಮೊಬೈಲಿಗೆ ಬರುವ ಒಟಿಪಿ ಕೇಳುತ್ತಾರೆ. ಇದು ಬರೀ ಹೋಟೆಲಿನವರ ಹಟವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳಾಗುವ ಸ್ವಲ್ಪ ಮೊದಲು ಬಂದ ಇ-ಮೇಲ್, ನವಿ ಮುಂಬೈಯ ಒಂದು ಫ್ಲ್ಯಾಟಿನ ರಕ್ಷಣೆಯಿಲ್ಲದ ವೈ-ಫೈ ಮೂಲಕ ಹೋಗಿತ್ತು. ಆ ಮನೆಯವರಿಗೆ ಅದು ಗೊತ್ತೇ ಇರಲಿಲ್ಲ. ಇದಾದ ಮೇಲೆ 2009ರಲ್ಲಿ ದೂರಸಂಪರ್ಕ ಇಲಾಖೆ ವೈ-ಫೈ ಭದ್ರತೆಗೆ ಸೂಚನೆಗಳನ್ನು ಹೊರಡಿಸಿತು. ಸಾರ್ವಜನಿಕ ಜಾಗದ ವೈ-ಫೈ ಬಳಸುವವರ ಗುರುತು ದಾಖಲಾಗಬೇಕೆಂಬುದು ಅದರ ಒಂದು ಭಾಗ.

ಕೆಲವೊಮ್ಮೆ ಆ ಪುಟ ಬರುವುದೇ ಇಲ್ಲ. ಬೀಗದ ಗುರುತಿರುವ ಸುರಕ್ಷಿತ ಪುಟ ತೆರೆಯಲು ಹೋದರೆ ಹೋಟೆಲಿನ ಯಂತ್ರ ಅದನ್ನು ತಡೆದು ತನ್ನ ಪುಟ ತೋರಿಸಲಾರದು. ಆಗ ಬೀಗವಿಲ್ಲದ ಸಾದಾ ಪುಟವೊಂದನ್ನು ಟೈಪ್ ಮಾಡಿ ನೋಡಿ. 'ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್' ಎಂಬ ತಾಣ ಇರುವುದೇ ಇದಕ್ಕಾಗಿ.

ಇನ್ನೊಂದು ತಕರಾರು: ಲಾಬಿಯಲ್ಲಿ ಸರಿಯಾಗಿದ್ದ ಕೂಪನ್ ಕೋಣೆಗೆ ಬಂದ ಮೇಲೆ 'ಬಳಕೆಯಲ್ಲಿದೆ' ಎನ್ನುತ್ತದೆ. ಹೋಟೆಲಿನ ಯಂತ್ರ ನಿಮ್ಮ ಫೋನನ್ನು ಗುರುತಿಸುವುದು 'ಮ್ಯಾಕ್ ಅಡ್ರೆಸ್' ಎಂಬ ನಂಬರಿನಿಂದ. ಆದರೆ ನಮ್ಮ ಖಾಸಗಿತನ ಕಾಯಲೆಂದು ಆಂಡ್ರಾಯ್ಡ್ ಫೋನುಗಳು 2019ರ ಹತ್ತನೆಯ ಆವೃತ್ತಿಯಿಂದ, ಐಫೋನುಗಳು 2020ರಿಂದ, ಒಂದೊಂದು ವೈ-ಫೈ ಹೆಸರಿಗೆ ಒಂದೊಂದು ನಂಬರ್ ತೋರಿಸುತ್ತವೆ. ಲಾಬಿಯ ವೈ-ಫೈಗೆ ಒಂದು ಹೆಸರು, ಮೇಲಿನ ಮಹಡಿಗೆ ಇನ್ನೊಂದು ಹೆಸರಿದ್ದರೆ ನೀವು ಆ ಯಂತ್ರದ ಪಾಲಿಗೆ ಇಬ್ಬರು ಮನುಷ್ಯರು! ಕೆಲಸ ಮಾಡುವ ಜಾಗಕ್ಕೆ ಹೋಗಿ ಅಲ್ಲಿಯೇ ಲಾಗಿನ್ ಆಗುವುದು ಲೇಸು.

ನಾನು ಹಾಕದೆ ಬಿಟ್ಟ ಲೆಕ್ಕ

ತಪ್ಪೆಲ್ಲ ಕೂಪನ್ನಿನದಲ್ಲ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ವೇಗ 512 ಕೆಬಿಪಿಎಸ್ ಎಂದು ಅಚ್ಚಾಗಿತ್ತು. ನಾನು ಓದಿರಲಿಲ್ಲ. ಹೋಟೆಲಿಗೆ ಬರುವ ಒಂದೇ ಲೈನನ್ನು ಎಲ್ಲ ಕೋಣೆಗಳಿಗೂ ಹಂಚಬೇಕಲ್ಲ, ಅದಕ್ಕೇ ಸಮಯದ ಜತೆ ವೇಗಕ್ಕೂ ಮಿತಿ.

ಧ್ವನಿ ಚೆನ್ನಾಗಿರಲೆಂದು ನಾನು ಉಳಿಸಿದ್ದು ಸಿಡಿ ಗುಣಮಟ್ಟದ ವೇವ್ ಫೈಲ್. ಅದಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ, ಒಟ್ಟು 300 ಎಂಬಿ. ಲೆಕ್ಕ ಸುಲಭ: ಎಂಬಿಯನ್ನು 8ರಿಂದ ಗುಣಿಸಿ, ಎಂಬಿಪಿಎಸ್ ವೇಗದಿಂದ ಭಾಗಿಸಿದರೆ ಬೇಕಾದ ಸೆಕೆಂಡು ಸಿಗುತ್ತದೆ. 300ನ್ನು 8ರಿಂದ ಗುಣಿಸಿದರೆ 2400, ಅದನ್ನು 0.512ರಿಂದ ಭಾಗಿಸಿದರೆ ಸುಮಾರು 4700 ಸೆಕೆಂಡು, ಅಂದರೆ 78 ನಿಮಿಷ. ಊಟ ಬಿಟ್ಟು ಕೂತಿದ್ದರೂ ಒಂದು ಗಂಟೆಯಲ್ಲಿ ಅದು ಹೋಗುತ್ತಿರಲಿಲ್ಲ. ಅದೇ ಮಾತನ್ನು 128 ಕೆಬಿಪಿಎಸ್ ಎಂಪಿ3 ಮಾಡಿದ್ದರೆ 27 ಎಂಬಿ. ಏಳೇ ನಿಮಿಷದ ಕೆಲಸ.

ಕೌಂಟರಿನಲ್ಲಿ ಕೇಳಬೇಕಾದ್ದು

ಈಗ ಎಷ್ಟೋ ಹೋಟೆಲುಗಳಲ್ಲಿ ವೈ-ಫೈ ಬಾಡಿಗೆಯಲ್ಲೇ ಸೇರಿರುತ್ತದೆ. ಆದರೂ ದಿನಕ್ಕೊಮ್ಮೆ ಮರು ಲಾಗಿನ್, ಇಷ್ಟೇ ಫೋನು ಎಂಬ ಮಿತಿಗಳು ಹಲವೆಡೆ ಇವೆ. ಕೀಲಿಕೈ ತೆಗೆದುಕೊಳ್ಳುವಾಗಲೇ ನಾಲ್ಕು ಮಾತು ಕೇಳಿಬಿಡಿ.

1. ಲಾಗ್‌ಔಟ್ ಮಾಡಿದರೆ ಸಮಯ ನಿಲ್ಲುತ್ತದೆಯೇ?
2. ಒಂದು ಕೂಪನ್ನಿಗೆ ಎಷ್ಟು ಫೋನು, ಲ್ಯಾಪ್‌ಟಾಪ್?
3. ಕಳಿಸುವ ವೇಗ ಎಷ್ಟು?
4. ರಾತ್ರಿ ಕೂಪನ್ ಮುಗಿದರೆ ಯಾರು ಕೊಡುತ್ತಾರೆ?

ನಾಲ್ಕನೆಯದನ್ನು ಮರೆಯಬೇಡಿ. ಮಗಳ ಪರೀಕ್ಷೆಯ ಅರ್ಜಿ, ಆಸ್ಪತ್ರೆಯ ವರದಿ, ಕೆಲಸದ ಸಂದರ್ಶನ, ಯಾವುದಿದ್ದರೂ ಕೊನೆಯ ಗಂಟೆಗೆ ಇಡಬೇಡಿ. ಮುಖ್ಯವಾದದ್ದನ್ನು ಮೊದಲು ಕಳಿಸಿ, ಆಮೇಲೆ ಊಟ.

ಆ ಬೆಳಗ್ಗೆ ಏಳಕ್ಕೆ ಹಿರಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮೊಮ್ಮಗನ ಮೊಬೈಲಿನಲ್ಲಿ ರೇಡಿಯೋ ಹಚ್ಚಿಸಿ, ಓಣಿಯವರನ್ನೆಲ್ಲ ಆರಕ್ಕೇ ಕರೆದು ಚಹಾ ಕುಡಿಸಿದ್ದರಂತೆ. "ಇರ್ಲಿ ಬಿಡ್ರಿ, ಕಂಪನ್ಯಾಗೂ ಕರೆಂಟ್ ಹೋಗಿ ನಾಟಕ ನಿಂತಿದ್ದು ಎಷ್ಟೋ ಸಲ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಮುಂದಿನ ವಾರ ಸಂದರ್ಶನ ಪ್ರಸಾರವಾಯಿತು. ಚೆನ್ನಾಗಿ ಬಂತು ಎಂದು ಅವರೇ ಹೇಳಿದರು. ಓಣಿಯವರು ಬಂದಿದ್ದರೇ ಎಂದು ಕೇಳಿದೆ. "ಇಲ್ರಿ, ಎರಡನೇ ಸಲ ಕರೀಲಿಕ್ಕೆ ಮನಸ್ಸಾಗಲಿಲ್ಲ" ಎಂದರು.

ಈಗ ಪ್ರವಾಸ ಹೊರಟರೆ ನನ್ನ ಚೀಲದಲ್ಲಿ ಆ ಹಳೆಯ ಕೂಪನ್ ಇರುತ್ತದೆ. ನಿಮಗೂ ಇಂಥ ಅನುಭವ ಆಗಿದ್ದರೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಓದೋಣ.