ತಟ್ಟೆಗೆ ಇಳಿದ ದನಿ

ಕುರ್‌ಆನಿನ ಅಕ್ಷರಗಳನ್ನು ಅಚ್ಚುಕೂಟ ಕಾಪಾಡುತ್ತದೆ. ಅದನ್ನು ಓದುವ ದನಿಯನ್ನು ಕಾಪಾಡುವವರು ಯಾರು? 1959ರಲ್ಲಿ ಕೈರೋದ ಲಬೀಬ್ ಅಲ್-ಸಯೀದ್ ಇಡೀ ಕುರ್‌ಆನನ್ನು ಧ್ವನಿಮುದ್ರಿಸಬೇಕೆಂದು ಹೊರಟದ್ದು ಈ ಕಳವಳದಿಂದ. ಅದಕ್ಕೆ ಕಾರಣವೂ ಇತ್ತು. 1934ರಲ್ಲಿ ಈಜಿಪ್ಟಿನ ಸರ್ಕಾರಿ ರೇಡಿಯೊ ಆರಂಭವಾದದ್ದೇ ಅಂಧ ಕುರ್‌ಆನ್ ಪಠಣಕಾರ ಮುಹಮ್ಮದ್ ರಿಫಅತರ ದನಿಯಿಂದ. 1950ರಲ್ಲಿ ಅವರು ತೀರಿಕೊಂಡರು. ಅಂಥ ಕಂಠದಿಂದ ನಮಗೆ ಉಳಿದದ್ದು ಸವೆದುಹೋದ ಕೆಲವೇ ಮುದ್ರಣಗಳು.

ಕುರ್‌ಆನ್ ಓದಿನಲ್ಲಿ ಉಚ್ಚಾರಣೆಗೆ ಇಷ್ಟು ಮಹತ್ವ ಬಂದ ಕಥೆ ಬಸ್ರಾದಲ್ಲಿ ಶುರುವಾಗುತ್ತದೆ. ಒಂಬತ್ತನೆಯ ಅಧ್ಯಾಯದ ಒಂದು ವಾಕ್ಯದಲ್ಲಿ ಯಾರೋ ಒಂದು ಸ್ವರ ತಪ್ಪಿ ಓದಿದರಂತೆ. ಅಲ್ಲಾಹನು ತನ್ನ ಪ್ರವಾದಿಯನ್ನೇ ಕೈಬಿಟ್ಟನೆಂಬ ಅರ್ಥ ಬಂದುಬಿಟ್ಟಿತು. ಅದನ್ನು ಕೇಳಿ ಬೆಚ್ಚಿದ ವೈಯಾಕರಣ ಅಬುಲ್ ಅಸ್ವದ್ ಅಲ್-ದುಅಲಿ ಸ್ವರಗಳನ್ನು ಸೂಚಿಸಲು ಚುಕ್ಕಿಗಳನ್ನು ತಂದರೆಂದು ಪರಂಪರೆ ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ತಜ್ವೀದ್ ಎಂಬ ಉಚ್ಚಾರಣೆಯ ಶಾಸ್ತ್ರವೇ ಬೆಳೆಯಿತು. ಅಕ್ಷರ ಹುಟ್ಟುವ ಜಾಗ ಮಖ್ರಜ್, ಸ್ವರವನ್ನು ಎಳೆಯುವುದು ಮದ್ದ್, ಮೂಗಿನಲ್ಲಿ ಗುಂಯ್‌ಗುಡುವುದು ಗುನ್ನಾ. ದಮಾಸ್ಕಸ್‌ನಲ್ಲಿ ಹುಟ್ಟಿ 1429ರಲ್ಲಿ ಶೀರಾಜ್‌ನಲ್ಲಿ ತೀರಿಕೊಂಡ ವಿದ್ವಾಂಸ ಇಬ್ನುಲ್ ಜಝರಿ ಹದಿನೇಳು ಮಖ್ರಜ್‌ಗಳನ್ನು ಎಣಿಸಿ, ನಿಯಮಗಳನ್ನೆಲ್ಲ ಬಾಯಿಪಾಠಕ್ಕೆ ಒದಗುವ ಪದ್ಯಗಳಲ್ಲಿ ಕಟ್ಟಿಟ್ಟರು. ಮದರಸಗಳಲ್ಲಿ ಅವನ್ನು ಇಂದಿಗೂ ಕಲಿಸುತ್ತಾರೆ.

ಲಬೀಬ್ ಅವರ ಯೋಜನೆಗೆ ದನಿ ಕೊಟ್ಟವರು 1917ರಲ್ಲಿ ತಂತಾ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಮಹಮೂದ್ ಖಲೀಲ್ ಅಲ್-ಹುಸರಿ. ಆ ಕಾಲದ ಈಜಿಪ್ಟಿನಲ್ಲಿ ಶ್ರೋತೃಗಳು ತಲೆದೂಗುತ್ತಿದ್ದುದು ರಾಗ ಬೆಳೆಸಿ ಓದುವ ಮುಜವ್ವದ್ ಶೈಲಿಗೆ. ಈ ಕೆಲಸಕ್ಕೆ ಆರಿಸಿಕೊಂಡದ್ದು ಮಾತ್ರ ನಿಧಾನವಾದ, ಅಲಂಕಾರವಿಲ್ಲದ ಮುರತ್ತಲ್. ಕಲಿಯುವವನಿಗೆ ಪ್ರತಿ ಅಕ್ಷರವೂ ಕೇಳಬೇಕಿತ್ತು. 1961ರಲ್ಲಿ ಧ್ವನಿತಟ್ಟೆಗಳು ಹೊರಬಂದವು. 1964ರಲ್ಲಿ ಕೈರೋದ ಕುರ್‌ಆನ್ ರೇಡಿಯೊ ಆರಂಭವಾದಾಗ ಕೇಳಿಬಂದದ್ದು ಇದೇ ಪಠಣ. ಹುಸರಿ ಆಮೇಲೆ ವರ್ಷ್, ಕಾಲೂನ್, ದೂರಿ ಎಂಬ ಬೇರೆ ಪಠಣ ಪರಂಪರೆಗಳಲ್ಲೂ ಓದಿದರು. ಕಲಿಯುವವರಿಗಾಗಿಯೇ ಮುಅಲ್ಲಿಮ್ ಪಠಣವನ್ನೂ ಮುದ್ರಿಸಿದರು.

ಈಗ ಆ ದನಿ ಎಲ್ಲರ ಜೇಬಿನಲ್ಲಿದೆ. ಅದರ ಬಗ್ಗೆ ನನಗೆ ಕೃತಜ್ಞತೆಯಿದೆ, ಸಿಟ್ಟೂ ಇದೆ. ನಮ್ಮ ಊರುಗಳ ಮಕ್ಕಳಿಗೆ ಅರಬಿಯ ಸೇ, ಸೀನ್, ಸ್ವಾದ್ ಅಕ್ಷರಗಳು ಮೂರೂ ‘ಸ’ ಆಗಿಯೇ ಬರುತ್ತವೆ. ಕನ್ನಡದ, ಉರ್ದುವಿನ, ಬ್ಯಾರಿಯ ನಾಲಿಗೆಗೆ ಅದು ಸಹಜ. ನೂರಾನಿ ಕಾಯಿದಾ ಎಂಬ ಅಕ್ಷರಾಭ್ಯಾಸದ ಪುಸ್ತಕ ತೆರೆದು ಕೂತ ಮಗುವಿನ ನಾಲಿಗೆ ಹಲ್ಲಿಗೆ ತಾಗಿತೇ, ಗಂಟಲು ಬಿಗಿಯಿತೇ ಎಂದು ನೋಡಿ ತಿದ್ದುವವರು ಮದರಸದ ಗುರುಗಳಾದ ಉಸ್ತಾದರು. ಗುರುವಿನ ಎದುರು ಕೂತು ಕೇಳಿ, ಓದಿ ಒಪ್ಪಿಸುವ ಈ ತಲಕ್ಕೀ ಕ್ರಮದಿಂದಲೇ ಪಠಣ ಒಬ್ಬರಿಂದ ಒಬ್ಬರಿಗೆ ದಾಟಿ ಬಂದಿದೆ. ಆದರೆ ಈಗ ಶಾಲೆಗೆ ಮುಂಚಿನ ಮದರಸದ ಹೊತ್ತನ್ನು ಟ್ಯೂಷನ್ನು ನುಂಗುತ್ತಿದೆ. ಆಪ್ ಇದೆಯಲ್ಲ ಎಂದು ಪೋಷಕರು ಸಮಾಧಾನಪಟ್ಟುಕೊಳ್ಳುತ್ತಾರೆ. ಹುಸರಿಯವರೂ ಹೀಗೆ ಗುರುಗಳ ಮುಂದೆ ಕೂತು, ತಿದ್ದಿಸಿಕೊಂಡು ಕಲಿತವರೇ. ಅವರ ಮುದ್ರಣವನ್ನು ಮನೆಯಲ್ಲಿ ಹಾಕಿ ಕೇಳಿಸೋಣ. ಆದರೆ ತಪ್ಪಿದಾಗ ತಡೆದು, ಅದೇ ಸಾಲನ್ನು ಮತ್ತೆ ಓದಿಸುವ ಒಬ್ಬರ ಮುಂದೆ ದಿನಕ್ಕೆ ಅರ್ಧ ಗಂಟೆಯಾದರೂ ಮಗುವನ್ನು ಕೂರಿಸೋಣ. ಆ ಉಸ್ತಾದರಿಗೆ ಬದುಕಲು ಸಾಕಾಗುವಷ್ಟು ಸಂಬಳವನ್ನೂ ಕೊಡೋಣ.