ಕಲೆಗಟ್ಟಿದ ಹಲ್ಲು: ಕಾರಣ ಮತ್ತು ಪರಿಹಾರ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಯಲುಸೀಮೆಯ ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರ ಮುಂದಿನ ಹಲ್ಲುಗಳ ಮೇಲೆ ಸುಣ್ಣದ ಗೆರೆ ಎಳೆದಂಥ ಬಿಳಿಯ ಪಟ್ಟೆಗಳೋ, ಹಳದಿ ಅಥವಾ ಕಂದು ಬಣ್ಣದ ಕಲೆಗಳೋ ಇರುತ್ತವೆ. ಇಂಥವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಭಾವಚಿತ್ರಕ್ಕೆ ನಿಂತಾಗ ತುಟಿ ಬಿಗಿಯುತ್ತಾರೆ. ಹೆಣ್ಣು ನೋಡಲು ಬಂದವರು, “ಹುಡುಗಿ ಹಲ್ಲುಜ್ಜುವುದಿಲ್ಲವೇ?” ಎಂದು ಕೇಳಿಬಿಡುವುದೂ ಉಂಟು. ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿ ತಿಕ್ಕಿ ಒಸಡನ್ನು ಗಾಯ ಮಾಡಿಕೊಂಡವರನ್ನು ನಾನು ಬಲ್ಲೆ. ಈ ಲೇಖನ ಬರೆಯುತ್ತಿರುವವನ ಹಲ್ಲುಗಳೂ ಅದೇ ಜಾತಿಯವು. ಆದ್ದರಿಂದ ಈ ವಿಷಯವಾಗಿ ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುವುದು ನನ್ನ ಉದ್ದೇಶ.

ಮೊದಲನೆಯದಾಗಿ, ಈ ಕಲೆ ಕೊಳೆಯಲ್ಲ, ಹುಳುಕೂ ಅಲ್ಲ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶ ಅತಿಯಾಗಿರುವುದೇ ಇದರ ಮುಖ್ಯ ಕಾರಣ. ಹಲ್ಲಿನ ಹೊರಕವಚವಾದ ಎನಾಮಲ್ ರೂಪುಗೊಳ್ಳುವುದು ಹಲ್ಲು ಇನ್ನೂ ದವಡೆಯೊಳಗೆ ಅಡಗಿರುವಾಗ, ಅಂದರೆ ಸುಮಾರು 8 ವರ್ಷದ ಒಳಗಿನ ವಯಸ್ಸಿನಲ್ಲಿ. ಆ ಕಾಲದಲ್ಲಿ ಮಗುವಿನ ದೇಹಕ್ಕೆ ಫ್ಲೋರೈಡ್ ಮಿತಿಮೀರಿ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ, ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡಿದ ಮೇಲೆ ಹೊರಗಿನ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದುಗಟ್ಟುತ್ತದೆ. ಕಲೆ ಮೇಲೆ ಅಂಟಿದ್ದಲ್ಲವಾದ್ದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎಲೆ ಅಡಿಕೆ, ತಂಬಾಕುಗಳ ಕರೆ ಬೇರೆ. ಅದನ್ನು ದಂತವೈದ್ಯರು ಶುಚಿಮಾಡಿ ತೆಗೆಯಬಲ್ಲರು.

ಈ ಗುಟ್ಟು ಬಯಲಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು, ಅಲ್ಲಿಯೇ ಬೆಳೆದವರ ಹಲ್ಲು ಕಂದಾಗಿರುವುದನ್ನೂ ದೊಡ್ಡವರಾದ ಮೇಲೆ ಬಂದು ನೆಲೆಸಿದವರ ಹಲ್ಲು ಹಾಗಾಗದಿರುವುದನ್ನೂ ಗಮನಿಸಿ, ನೀರಿನ ಮೇಲೆ ಸಂಶಯಪಟ್ಟರು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಅಂಥ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಪತ್ತೆಹಚ್ಚಿದರು. ನಮ್ಮ ದೇಶದಲ್ಲಿ ಇದೇ ಫ್ಲೋರೈಡು ಮೂಳೆಗಳನ್ನು ಬಿಗಿದು ಬಗ್ಗಿಸುವ ಕಾಯಿಲೆ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು.

ಇನ್ನು ನಮ್ಮ ಸೀಮೆಯ ಮಾತು. ತರೀಕೆರೆಯ ಪಶ್ಚಿಮ ಭಾಗ ಮಲೆನಾಡು; ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೇ ಇದೆ. ಕಡೂರು, ಅಜ್ಜಂಪುರಗಳ ಕಡೆ ಬಾಬಾಬುಡನ್ ಗಿರಿಯ ಮಳೆನೆರಳಿನ ಬಯಲು. ಇಲ್ಲಿ ಕೆರೆ ಬತ್ತಿದರೆ ಬೋರೇ ಗತಿ. ಗ್ರಾನೈಟ್, ನೈಸ್ ಮುಂತಾದ ಶಿಲೆಗಳಲ್ಲಿರುವ ಫ್ಲೋರೈಡ್ ಖನಿಜಗಳು ಆಳದ ನೀರಿನಲ್ಲಿ ಬಹುಕಾಲ ನೆನೆದು ಕರಗುತ್ತವೆ. ಕೆರೆಯ ನೀರು, ಸೇದುಬಾವಿಯ ನೀರು ಕುಡಿದು ಬೆಳೆದ ನಮ್ಮ ಅಜ್ಜಿಯ ಹಲ್ಲಿನಲ್ಲಿ ಎಲೆ ಅಡಿಕೆಯ ಕೆಂಪಿದೆಯೇ ಹೊರತು ಈ ಪಟ್ಟೆಗಳಿಲ್ಲ. ಬೋರಿನ ನೀರು ಕುಡಿದ ಮೊಮ್ಮಕ್ಕಳಲ್ಲಿ ಇವೆ. ಹಲ್ಲೆಂಬುದು ಬಾಲ್ಯದಲ್ಲಿ ಕುಡಿದ ನೀರಿನ ದಾಖಲೆ ಎಂದರೆ ತಪ್ಪಲ್ಲ.

ಬಿದ್ದ ಕಲೆಗೆ ಪರಿಹಾರವಿಲ್ಲವೇ? ಇದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಕಲೆ ತೆಳುವಾಗಿದ್ದರೆ ಔಷಧಿಯಿಂದ ಬಣ್ಣ ತಿಳಿಯಾಗಿಸುವ ಬ್ಲೀಚಿಂಗ್ ಸಾಕಾಗಬಹುದು. ಕಲೆ ಮೇಲುಮೇಲಿನದಾದರೆ ಮೈಕ್ರೊಅಬ್ರೇಷನ್ ಎಂಬ ವಿಧಾನದಲ್ಲಿ ಆಮ್ಲ ಬೆರೆತ ಲೇಪದಿಂದ ಎನಾಮಲಿನ ಅತಿ ತೆಳುವಾದ ಪದರವನ್ನು ವೈದ್ಯರೇ ಉಜ್ಜಿ ತೆಗೆಯುತ್ತಾರೆ. ಇದನ್ನು ಮನೆಯಲ್ಲಿ ನಿಂಬೆರಸದಿಂದ ಮಾಡಹೊರಟರೆ ಹಲ್ಲು ಕೆಡುತ್ತದೆ.

ಇಷ್ಟಕ್ಕೆ ಮಣಿಯದ ಕಲೆಗೆ ವಿನೀರ್. ಇದು ಉಗುರಿನಷ್ಟು ತೆಳುವಾದ, ಹಲ್ಲಿನ ಬಣ್ಣದ ಬಿಲ್ಲೆ. ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುತ್ತಾರೆ. 1928ರ ಸುಮಾರಿಗೆ ಕ್ಯಾಲಿಫೋರ್ನಿಯದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಚಲನಚಿತ್ರ ನಟರಿಗಾಗಿ ಇಂಥವನ್ನು ಮಾಡಿಕೊಟ್ಟರು. ಚಿತ್ರೀಕರಣ ಮುಗಿದರೆ ಕಿತ್ತಿಡಬೇಕಾಗಿತ್ತು. 1955ರಲ್ಲಿ ಬ್ಯೂನೊಕೋರ್ ಎಂಬುವರು ಫಾಸ್ಫಾರಿಕ್ ಆಮ್ಲದಿಂದ ಎನಾಮಲನ್ನು ಒರಟಾಗಿಸಿದರೆ ಅಂಟು ಭದ್ರವಾಗಿ ಹಿಡಿಯುವುದೆಂದು ತೋರಿಸಿದ ಮೇಲೆ, 1980ರ ದಶಕದಲ್ಲಿ ಪಿಂಗಾಣಿಯ ವಿನೀರುಗಳು ಸ್ಥಿರವಾಗಿ ನಿಂತವು. ಪಿಂಗಾಣಿಯದಕ್ಕೆ ಸಾಮಾನ್ಯವಾಗಿ ಹಲ್ಲನ್ನು ಅರ್ಧ ಮಿಲಿಮೀಟರಿನಷ್ಟು ತೇಯಬೇಕಾಗುತ್ತದೆ. ಕಾಂಪೊಸಿಟ್ ಎಂಬ ರಾಳದ ವಿನೀರನ್ನು ಒಂದೇ ಭೇಟಿಯಲ್ಲಿ ಹಾಕಬಹುದು, ಖರ್ಚೂ ಕಡಿಮೆ. ಆದರೆ ಅದು ಬೇಗ ಮಾಸುತ್ತದೆ, ಚೆಕ್ಕೆ ಏಳುತ್ತದೆ. ಫ್ಲೋರೋಸಿಸ್ ತೀವ್ರವಾಗಿರುವ ಎನಾಮಲಿಗೆ ಅಂಟು ಚೆನ್ನಾಗಿ ಹಿಡಿಯದಿರುವುದೂ ಉಂಟು. ವೈದ್ಯರು ಅದನ್ನು ನೋಡಿಯೇ ನಿರ್ಧರಿಸಬೇಕು.

ಕ್ರೌನ್ ಎಂಬುದು ನಮ್ಮ ಜನ ‘ಕ್ಯಾಪ್’ ಎನ್ನುವ ವಸ್ತು. ಕೂಸಿನ ತಲೆಗೆ ಕುಲಾವಿ ಹೇಗೋ ಹಾಗೆ ಇದು ಹಲ್ಲನ್ನು ಸುತ್ತಲೂ ಮುಚ್ಚುತ್ತದೆ. ಲೋಹ, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ ಎಂದು ಇದರಲ್ಲಿ ಬಗೆಗಳಿವೆ. ಇದಕ್ಕಾಗಿ ಹಲ್ಲನ್ನು ಎಲ್ಲ ಕಡೆಯಿಂದಲೂ ಒಂದೊಂದೂವರೆ ಮಿಲಿಮೀಟರ್ ತೇಯಬೇಕು. ಮುರಿದ ಹಲ್ಲಿಗೆ, ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ, ಫ್ಲೋರೋಸಿಸಿನಿಂದ ಎನಾಮಲ್ ಗುಳಿಬಿದ್ದು ಉದುರಿದ ಹಲ್ಲಿಗೆ ಇದು ರಕ್ಷೆ. ಗಟ್ಟಿಯಾಗಿರುವ ಹಲ್ಲನ್ನು ಕೇವಲ ಬಣ್ಣಕ್ಕಾಗಿ ಇಷ್ಟು ತೇಯಿಸುವುದು, ಸೋರದ ಮನೆಯ ಸೂರನ್ನು ಕೀಳಿಸಿದಂತೆ.

ಇಲ್ಲಿ ಸಹಪಾಠಿಗಳು ಮುಖ್ಯವಾಗಿ ನೆನಪಿಡಬೇಕಾದುದಿಷ್ಟು: ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ವಿನೀರಾಗಲಿ ಕ್ರೌನಾಗಲಿ ಜನ್ಮಪರ್ಯಂತ ಬಾಳುವುದಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಬದಲಾಯಿಸಬೇಕಾಗಿ ಬರಬಹುದು. 20ರ ವಯಸ್ಸಿನಲ್ಲಿ ಹಾಕಿಸಿಕೊಂಡವರು ಜೀವಮಾನದಲ್ಲಿ ಇನ್ನೂ ಎರಡು ಮೂರು ಬಾರಿಯ ಖರ್ಚಿಗೆ ಸಿದ್ಧರಿರಬೇಕು. ಖರ್ಚು ಹಲ್ಲಿಗೆ ಇಷ್ಟೆಂದು. ನಕ್ಕಾಗ ಕಾಣುವ ಹಲ್ಲುಗಳು ಆರೆಂಟಾದರೂ ಇರುತ್ತವೆ. ಎಳೆಯ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಭಾಗ ದೊಡ್ಡದಿರುವುದರಿಂದ ಹೆಚ್ಚು ತೇಯುವುದು ಅಪಾಯ. ಮದುವೆ ಗೊತ್ತಾಯಿತೆಂಬ ಆತುರದಲ್ಲಿ ನೋಂದಣಿಯಿಲ್ಲದವರ ಬಳಿ ಹೋಗಬಾರದು. ಕಾನೂನಿನಂತೆ ನೋಂದಾಯಿತರಿಗೆ ಮಾತ್ರ ಈ ವೃತ್ತಿಯ ಅಧಿಕಾರ. “ಇದಕ್ಕಿಂತ ಕಡಿಮೆ ತೇಯುವ ದಾರಿ ಇದೆಯೇ?” ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಆದರೆ ಚಿಕಿತ್ಸೆಯೆಲ್ಲ ನಮ್ಮ ತಲೆಮಾರಿಗೆ. ನಮ್ಮ ತಮ್ಮ ತಂಗಿಯರಿಗೆ ಬೇಕಾದುದು ಒಳ್ಳೆಯ ನೀರು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಊರಿನಲ್ಲಿ ಶುದ್ಧ ನೀರಿನ ಘಟಕವಿದ್ದರೆ, ದೊಡ್ಡವರು ಏನನ್ನೇ ಕುಡಿಯಲಿ, 8 ವರ್ಷದೊಳಗಿನ ಮಕ್ಕಳಿಗೂ ಅವರ ಅಡುಗೆಗೂ ಆ ನೀರನ್ನೇ ಬಳಸಬೇಕು. ಮಳೆನೀರನ್ನು ಶುಚಿಯಾಗಿ ಹಿಡಿದಿಡುವುದೂ ಉತ್ತಮ ಮಾರ್ಗ. ಊರಿನ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬರೆಸಿರೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ಓದಿದ ನಮ್ಮ ಕರ್ತವ್ಯ. ಹಾಗೆ ಕೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಗತ್ಯವೂ ಇಲ್ಲ. ಕಲೆ ಇರುವುದು ನಮ್ಮ ಹಲ್ಲಿನಲ್ಲಿ. ದೋಷ ಇರುವುದು ನೀರಿನಲ್ಲಿ.